ರಾಯಚೂರಿನ ಗೊಬ್ಬರದಂಗಡಿ ಸಾಮಾನು: ನಾಯಿ, ಬೆಕ್ಕು ಇರುವ ಮನೆಗೆ ಯಾವುದು ನಡೆದೀತು, ಯಾವುದು ಬೇಡ

ರಾಯಚೂರಿನ ಗಂಜ್ ಸುತ್ತಮುತ್ತ, ಅತ್ತ ಸಿಂಧನೂರು, ಗಂಗಾವತಿಯ ಗೊಬ್ಬರದಂಗಡಿಗಳಲ್ಲಿ ಈಗ ಹೊಲದ ಸಾಮಾನಿನ ಜತೆ ಕುಂಡದ ಗಿಡದ ಸಾಮಾನೂ ಸಿಗುತ್ತದೆ. ಒಂದು ಕೆಜಿ, ಎರಡು ಕೆಜಿ ಕವರಿನಲ್ಲಿ ಹಿಂಡಿ, ಮೂಳೆ ಪುಡಿ, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಪಕ್ಕದ ಕಪಾಟಿನಲ್ಲೇ ಗೆದ್ದಲಿಗೆ, ಇಲಿಗೆ, ಬಸವನಹುಳುವಿಗೆ ಔಷಧಿ. ಗಿಡಕ್ಕೆ ಇವು ಎಷ್ಟು ಒಳ್ಳೆಯವು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಗಳದಲ್ಲಿ ನಾಯಿ, ಬೆಕ್ಕು ಓಡಾಡುವ ಮನೆಗೆ ಇವನ್ನು ಒಯ್ಯಬಹುದೇ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಕವರಿನ ಮೇಲೆ ‘ಸಾವಯವ’ ಎಂದಿದ್ದರೆ ಜನ ನಿಶ್ಚಿಂತೆಯಿಂದ ತರುತ್ತಾರೆ. ನಮ್ಮ ಲೆಕ್ಕದಲ್ಲಿ ಹೆಚ್ಚು ಹುಷಾರಾಗಿರಬೇಕಾದದ್ದು ಅಲ್ಲೇ. ಯೂರಿಯಾ ಕಾಳನ್ನು ಮೂಸಿ ಮುಂದೆ ಹೋಗುವ ನಾಯಿ, ಹಿಂಡಿಯ ಚೀಲ ಕಂಡರೆ ಹರಿದು ತಿನ್ನುತ್ತದೆ. ಸಾಮಾನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದಕ್ಕೆ ತಿನ್ನುವ ವಸ್ತುವಿನ ವಾಸನೆ ಇದೆಯೇ?

ಔಡಲ ಹಿಂಡಿ. ಗೊಬ್ಬರವಾಗಿ ಒಳ್ಳೆಯದೇ, ಸಾರಜನಕ ಸುಮಾರು 4–5%. ಆದರೆ ಔಡಲ ಬೀಜದಲ್ಲಿರುವ ರಿಸಿನ್ ಎಂಬ ವಿಷ ನೀರಿನಲ್ಲಿ ಕರಗುವಂಥದ್ದು, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಬೀಜ ಹಿಂಡಿದಾಗ ಎಣ್ಣೆಯ ಜತೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಬಿಸಿ ಮಾಡಿದರೆ ಸಾಯುತ್ತದೆ ನಿಜ, ಆದರೆ ನಿಮ್ಮ ಕೈಗೆ ಬಂದ ಚೀಲಕ್ಕೆ ಎಷ್ಟು ಬಿಸಿ ತಾಗಿದೆ ಎಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ. ತಿಂದ ನಾಯಿ ಮೊದಲ ಕೆಲವು ತಾಸು ಆರಾಮಾಗೇ ಇರುತ್ತದೆ. ವಾಂತಿ, ರಕ್ತಭೇದಿ ಶುರುವಾಗುವುದು ಸಾಮಾನ್ಯವಾಗಿ 6ರಿಂದ 24 ತಾಸಿನೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ. ಇದಕ್ಕೆ ಪ್ರತಿವಿಷ ಇಲ್ಲ. ಸಲೈನ್ ಏರಿಸಿ, ಹೊಟ್ಟೆ, ಲಿವರ್ ಕಾಪಾಡಿಕೊಂಡು ಕಾಯುವುದೇ ಚಿಕಿತ್ಸೆ.

ಬಿಡಿಯಾಗಿ ಕೊಳ್ಳುವಾಗ ಒಂದು ಹಿಡಿ ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿಯಿರಿ. ಕಪ್ಪು ಕಂದು ಪುಡಿಯ ನಡುವೆ ಹೊಳೆಯುವ, ಚುಕ್ಕೆ ಚುಕ್ಕೆಯ ಸಿಪ್ಪೆ ಚೂರು ಕಂಡರೆ ಔಡಲ ಇದೆ ಎಂದೇ ತಿಳಿಯಿರಿ. ಬೇವಿನ ಹಿಂಡಿಗೆ ಮೂಗಿಗೆ ಅಡರುವ ಕಹಿ ಘಾಟು ಇರುತ್ತದೆ. ‘ಮಿಶ್ರ ಹಿಂಡಿ’ ಎಂದು ಬರೆದ ಕವರಿನಲ್ಲಿ ಯಾವ ಯಾವ ಹಿಂಡಿ ಎಂದು ನಮೂದಿಸಿಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಎಲ್ಲಕ್ಕಿಂತ ಕೆಟ್ಟದ್ದು ಔಡಲ ಹಿಂಡಿಗೆ ಮೂಳೆ ಪುಡಿ ಬೆರೆಸಿದ ಗುಲಾಬಿ ಗೊಬ್ಬರ: ವಿಷವೂ ಅದರಲ್ಲೇ, ಅದನ್ನು ತಿನ್ನಿಸುವ ವಾಸನೆಯೂ ಅದರಲ್ಲೇ. ಸಾಕುಪ್ರಾಣಿ ಇರುವ ಮನೆಗೆ ನಮ್ಮ ತೀರ್ಪು: ಬೇಡ.

ಬೇವಿನ ಹಿಂಡಿ. ಇದು ನಡೆಯುತ್ತದೆ. ಕಹಿಗೆ ನಾಯಿ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹನ್ನೆರಡು ಇಂಚಿನ ಕುಂಡಕ್ಕೆ 50 ಗ್ರಾಂ ಸಾಕು. ಮೇಲೆ ಉದುರಿಸದೆ ಮೂರು–ನಾಲ್ಕು ಇಂಚು ಆಳಕ್ಕೆ ಮಣ್ಣಲ್ಲಿ ಬೆರೆಸಿ, ಮೇಲೆ ಬರೀ ಮಣ್ಣು ಮುಚ್ಚಿ, ನೀರು ಹಾಕಿ. ಶೇಂಗಾ ಹಿಂಡಿಯನ್ನು ಬಕೆಟ್‌ನಲ್ಲಿ ಎರಡು ಮೂರು ದಿನ ನೆನೆಸಿಡುವ ರೂಢಿ ಇದೆಯಲ್ಲ, ಆ ಬಕೆಟ್‌ಗೆ ಬಿಗಿ ಮುಚ್ಚಳ ಇರಲೇಬೇಕು. ನಮ್ಮ ಬೇಸಿಗೆಯಲ್ಲಿ ಅದು ಬೇಗ ಹುಳಿತು ಬೂಸ್ಟು ಕಟ್ಟುತ್ತದೆ. ಕೆಲವು ಬೂಸ್ಟಿನ ವಿಷಕ್ಕೆ ನಾಯಿಗೆ ಮೈಯೆಲ್ಲ ನಡುಕ ಬರುತ್ತದೆ. ಕೊಳೆಯುವ ಅಡುಗೆಮನೆ ಕಸದ ಗುಂಡಿಗೂ ಇದೇ ಮಾತು.

ಮೂಳೆ ಪುಡಿ ಬರೀ ಅದೇ ಆದರೆ ವಿಷವಲ್ಲ. ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಸಿಮೆಂಟಿನಂತೆ ಗಟ್ಟಿ ಉಂಡೆಯಾಗಿ ಕರುಳಿಗೆ ಅಡ್ಡ ಕೂರಬಹುದು. ಕೋಕೋಪೀಟ್ ಕೂಡ ವಿಷವಲ್ಲ, ಆದರೆ ಇಟ್ಟಿಗೆಯಂತೆ ಒತ್ತಿದ ಅದರ ಒಣ ಚೂರು ನುಂಗಿದರೆ ಒಳಗೆ ನೀರು ಹೀರಿ ಉಬ್ಬುತ್ತದೆ. ತಂದ ದಿನವೇ ಪೂರ್ತಿ ನೆನೆಸಿಬಿಡಿ. ಎರೆಗೊಬ್ಬರಕ್ಕೆ ತಕರಾರಿಲ್ಲ.

ಗುಳಿಗೆ ಔಷಧಿ, ಅಂದರೆ ಕಾಳಿನ ರೂಪದ ಕೀಟನಾಶಕ. ಕಾಲುವೆ ನೀರಿನ ಊರುಗಳಲ್ಲಿ ಭತ್ತದ ಗದ್ದೆಗೆ ತಂದದ್ದರಲ್ಲಿ ಮಿಕ್ಕ ಅರ್ಧ ಕೆಜಿ ಮನೆಯ ಗುಲಾಬಿ ಬುಡಕ್ಕೆ ಬೀಳುವುದು ಮಾಮೂಲು. ಅದರಲ್ಲಿ ಫೋರೇಟ್ ಇದ್ದರೆ, 2020ರ ಡಿಸೆಂಬರ್ 31ರಿಂದ ಅದು ದೇಶದಲ್ಲೇ ನಿಷಿದ್ಧ. ಕಾರ್ಬೋಫ್ಯುರಾನ್ ಕೂಡ ಅದೇ ಜಾತಿಯ ಅಪಾಯ: ಜೊಲ್ಲು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ನಡುಕ, ಎಲ್ಲ ಬೇಗ ಬರುತ್ತವೆ. ಇವೆರಡಕ್ಕೂ ಅಟ್ರೋಪಿನ್ ಇಂಜೆಕ್ಷನ್ ಕೆಲಸ ಮಾಡುತ್ತದೆ, ವೇಳೆಗೆ ಸಿಗಬೇಕಷ್ಟೆ. ಗೆದ್ದಲಿಗೆ ಹಾಕುವ ಫಿಪ್ರೋನಿಲ್ ಮೊಲಕ್ಕೆ ಬಹಳ ಕೆಟ್ಟದ್ದು. ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತಿನ ಕೆಳಗಿನ ತ್ರಿಕೋನ ನೋಡಿ: ಕೆಂಪು, ಹಳದಿ, ನೀಲಿ, ಹಸಿರು, ಈ ಕ್ರಮದಲ್ಲಿ ವಿಷ ಇಳಿಯುತ್ತದೆ. ಕೆಂಪು, ಹಳದಿ ಇದ್ದದ್ದು ಮನೆಯಂಗಳಕ್ಕೆ ಬೇಡವೇ ಬೇಡ. ಲೇಬಲ್ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವುದು ಕಾಯ್ದೆಗೂ ವಿರುದ್ಧ. ನಾಳೆ ನಾಯಿ ತಿಂದರೆ ಡಾಕ್ಟರಿಗೆ ಏನೆಂದು ಹೇಳುತ್ತೀರಿ?

ಬಸವನಹುಳುವಿಗೆ ಕೊಡುವ ಮೆಟಾಲ್ಡಿಹೈಡ್ ಉಂಡೆ ನೋಡಲು ನಾಯಿ ತಿನಿಸಿನಂತೆಯೇ ಇರುತ್ತದೆ, ಹೊಟ್ಟು ಬೆರೆತಿರುವುದರಿಂದ ರುಚಿಯೂ ಹೌದು. ಕೆಲವೇ ತಾಸಿನಲ್ಲಿ ಮೈ ಕಾದು ಫಿಟ್ಸ್ ಬರುತ್ತದೆ. ಅದರ ಬದಲು ರಾತ್ರಿ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅಡಿ ಸೇರಿದ ಹುಳು ಆರಿಸಿ ಉಪ್ಪುನೀರಿಗೆ ಹಾಕಿ. ಕೈಗವಸು ಹಾಕಿಕೊಳ್ಳಿ.

ಇಲಿ ಪಾಷಾಣದಲ್ಲಿ ಎರಡು ಬಗೆ. ಬ್ರೋಮಾಡಿಯೋಲೋನ್ ಕೇಕ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಲಕ್ಷಣ ಕಾಣಲು ಎರಡರಿಂದ ಐದು ದಿನ ಹಿಡಿಯುತ್ತದೆ, ವಿಟಮಿನ್ ಕೆ1 ವಾರಗಟ್ಟಲೆ ಕೊಟ್ಟು ಉಳಿಸಬಹುದು. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್‌ಗೆ ಅಂಥ ಮದ್ದಿಲ್ಲ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಏಳುತ್ತದೆ. ಇದನ್ನು ತಿಂದ ನಾಯಿಗೆ ಹಾಲು, ಅನ್ನ, ಹುಣಸೆಹುಳಿ ಏನೂ ಕುಡಿಸಬೇಡಿ. ಆಹಾರ ಬಿದ್ದರೆ ಆಮ್ಲ ಹೆಚ್ಚುತ್ತದೆ, ಹುಳಿಯಂತೂ ಆಮ್ಲವೇ. ವಾಂತಿ ಮಾಡಿದರೆ ಬಯಲಲ್ಲಿರಲಿ, ಆ ಗಾಳಿ ಮನುಷ್ಯರಿಗೂ ಕೆಟ್ಟದ್ದು. ನಾಯಿ ಇರುವ ಮನೆಗೆ ಎರಡೂ ಬಿಟ್ಟು ತಂತಿ ಬೋನು ತಗೊಳ್ಳುವುದೇ ವಾಸಿ.

ಬೆಕ್ಕಿನದು ಬೇರೆ ದೇಹ. ನಾಯಿಯ ಮೈಗೆ ಹತ್ತುವ ಉಣ್ಣಿ ಹುಳುವಿಗೆಂದು ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಿಕ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಲಿವರ್‌ಗೆ ಕಡಿಮೆ. ಬೇವಿನ ಎಣ್ಣೆ ಸಿಂಪಡಿಸಿದರೂ ಎಲೆ ಒಣಗುವ ತನಕ ಬೆಕ್ಕನ್ನು ಒಳಗಿಡಿ, ಮೈಗೆ ತಾಗಿದ್ದನ್ನು ಅದು ನೆಕ್ಕುತ್ತದೆ.

ನರ್ಸರಿಯಲ್ಲಿ ನಮ್ಮ ಬಿಸಿಲು ತಡೆಯುತ್ತದೆ ಎಂದು ಮುಂದಿಡುವ ಅಡೇನಿಯಂ, ಕಣಗಲ ಎರಡೂ ಹೃದಯದ ಬಡಿತ ಕೆಡಿಸುತ್ತವೆ. ಸೈಕಸ್ ಗಿಡದ ಬೀಜ ಲಿವರ್ ಸುಡುತ್ತದೆ. ಮನಿ ಪ್ಲಾಂಟ್, ಡೈಫೆನ್‌ಬೇಕಿಯಾ ಬಾಯಿ ಉರಿಸಿ ಜೊಲ್ಲು ಸುರಿಸುತ್ತವೆ, ಜೀವಕ್ಕೆ ತೊಂದರೆ ಅಪರೂಪ. ದಾಸವಾಳ, ಗುಲಾಬಿ ಧಾರಾಳವಾಗಿ ತನ್ನಿ.

ತಿಂದದ್ದು ಗೊತ್ತಾದ ಕೂಡಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ, ಆ ಉಪ್ಪೇ ವಿಷವಾಗುತ್ತದೆ. ವಾಂತಿ ಮಾಡಿಸಿ ಪ್ರಯೋಜನವಿರುವುದು ಹೆಚ್ಚೆಂದರೆ ಮೊದಲ ಎರಡು ತಾಸು, ಅದೂ ಡಾಕ್ಟರ ಕೈಯಲ್ಲಿ. ಪಶು ಇಲಾಖೆಯ 1962ಕ್ಕೆ ಫೋನ್ ಮಾಡಿ, ಇಲ್ಲವೇ ನೇರ ಪಶು ಆಸ್ಪತ್ರೆಗೆ ಹೊರಡಿ. ಕವರನ್ನು ಲೇಬಲ್ ಸಮೇತ ಒಯ್ಯಿರಿ. ನಾಯಿಯ ತೂಕ, ಸುಮಾರು ಎಷ್ಟು ತಿಂದಿದೆ, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ಕವರಿನ ಹಿಂದೆಯೇ ಬರೆದುಕೊಳ್ಳಿ.