ಜಾಝ್ ಬಾಕ್ಸ್ ಸೆಟ್: ‘ಕಂಪ್ಲೀಟ್’ ಕೊಳ್ಳಬೇಕಾ, ಮೂಲ ಆಲ್ಬಮ್‌ಗಳದ್ದಾ?

ರೀಮಾಸ್ಟರ್ ಆದ, ಅಂದರೆ ಹಳೆಯ ರೆಕಾರ್ಡಿಂಗ್‌ನ ಸದ್ದನ್ನು ಮತ್ತೆ ಹದಗೊಳಿಸಿ ಹೊರತಂದ ಬಾಕ್ಸ್ ಸೆಟ್‌ಗಳಲ್ಲಿ (ಹಲವು ಡಿಸ್ಕ್‌ಗಳ ಪೆಟ್ಟಿಗೆ) ಮುಖ್ಯವಾಗಿ ಎರಡು ಬಗೆ. ಒಂದು, ಹಳೆಯ ಆಲ್ಬಮ್‌ಗಳನ್ನು ಇದ್ದ ಹಾಗೇ ಜೋಡಿಸಿ ಕೊಡುವುದು. ಇನ್ನೊಂದು, ಆಲ್ಬಮ್‌ಗಾಗಿ ಆಗ ರೆಕಾರ್ಡ್ ಆದದ್ದನ್ನೆಲ್ಲ ಕೊಡುವ ‘ಕಂಪ್ಲೀಟ್’ ಸೆಟ್.

ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಮೂವರ ತಂಡವನ್ನೇ ನೋಡಿ. 1961ರ ಜೂನ್ 25ರಂದು ನ್ಯೂಯಾರ್ಕ್‌ನ ಜಾಝ್ ಕ್ಲಬ್ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದರಿಂದ ಎರಡು ಆಲ್ಬಮ್ ಬಂದವು. ಎರಡೂ ಅಚ್ಚುಕಟ್ಟು. 3 ಸಿಡಿಗಳ ಕಂಪ್ಲೀಟ್ ಸೆಟ್‌ನಲ್ಲಿ ಮಾತ್ರ ಇಡೀ ದಿನ ಕ್ರಮವಾಗಿ ಸಿಗುತ್ತದೆ. ಮೊದಲ ಹಾಡಿನ ನಡುವೆ ಕರೆಂಟ್ ಹೋಗಿ ಸದ್ದು ಕಡಿದುಹೋಗುವುದೂ ಅದರಲ್ಲಿದೆ! ಬಾಸ್ ನುಡಿಸಿದ ಸ್ಕಾಟ್ ಲಫಾರೊ ಕೆಲವೇ ದಿನಗಳಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅದು ಗೊತ್ತಿದ್ದು ಕೇಳುವಾಗ ಒಂದು ಸ್ವರವನ್ನೂ ಬಿಡಲು ಮನಸ್ಸಾಗುವುದಿಲ್ಲ.

ಆದರೆ ಸ್ಟುಡಿಯೋ ಆಲ್ಬಮ್‌ಗೆ ನಾನು ಮೂಲ ರೂಪವನ್ನೇ ಆರಿಸುತ್ತೇನೆ. ಕಂಪ್ಲೀಟ್ ಸೆಟ್‌ನಲ್ಲಿ ಒಂದೇ ಹಾಡಿನ ನಾಲ್ಕು ಟೇಕ್ (ಮತ್ತೆ ಮತ್ತೆ ನುಡಿಸಿ ರೆಕಾರ್ಡ್ ಮಾಡಿದ್ದು) ಸಾಲಾಗಿ ಬಂದರೆ ಕಿವಿ ದಣಿಯುತ್ತದೆ, ಅಲ್ವಾ?

ಎರಡರಲ್ಲೂ ರೀಮಾಸ್ಟರ್ ಹೇಗಿದೆ ಅನ್ನೋದು ಮುಖ್ಯ. ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ನ 1959ರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ದ ಮೊದಲ ಮೂರು ಹಾಡುಗಳ ಶ್ರುತಿ ದಶಕಗಳ ಕಾಲ ತುಸು ಏರಿಯೇ ಇತ್ತು. ರೆಕಾರ್ಡಿಂಗ್ ಯಂತ್ರ ನಿಧಾನವಾಗಿ ಓಡಿದ್ದೇ ಕಾರಣ; ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಹಾಡು ತುಸು ಬೇಗ ಓಡಿ ಶ್ರುತಿ ಏರುತ್ತದೆ. 1992ರಲ್ಲಿ ಅದನ್ನು ಸರಿಪಡಿಸಿದರು. ಇಂಥ ರೀಮಾಸ್ಟರ್‌ಗೆ ದುಡ್ಡು ಕೊಡಬಹುದು. ಸುಮ್ನೆ ಸದ್ದು ಜಾಸ್ತಿ ಮಾಡಿದ್ದಕ್ಕೆ ಬೇಡ. ಡ್ರಮ್‌ನ ಬ್ರಷ್ ಮೆಲ್ಲಗೆ ಸವರುವ ಸದ್ದೂ ತುತ್ತೂರಿಯಷ್ಟೇ ಜೋರಾಗಿ ಕೇಳಿದರೆ ಆ ಸೆಟ್ ಬಿಟ್ಟುಬಿಡಿ.