ಪೈಪ್ ಗ್ಯಾಸಾ, ಸಿಲಿಂಡರಾ?

ಬೆಂಗಳೂರಿನಲ್ಲಿ ನಿಮ್ಮ ಬೀದಿಗೆ ಪೈಪ್ ಗ್ಯಾಸ್ ಬಂದಿದೆಯಾ? ಸ್ವಂತ ಮನೆಯಾದರೆ ತಗೊಳ್ಳಿ. ಆಗಾಗ ಮನೆ ಬದಲಿಸುವ ಬಾಡಿಗೆದಾರರಿಗೆ ಸಿಲಿಂಡರೇ ಸರಿ.

ಸಿಲಿಂಡರಿನಲ್ಲಿರೋದು 14.2 ಕೆ.ಜಿ. ಎಲ್‌ಪಿಜಿ. ಹಬ್ಬದ ದಿನವೇ ಮುಗಿಯುತ್ತೆ, ಅಲ್ವಾ? ಪೈಪಿನಲ್ಲಿ ಬರೋದು ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್. ಮೀಟರ್ ಓಡಿದಷ್ಟು ಬಿಲ್. ಈ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಎಲ್‌ಪಿಜಿ ನೆಲದ ಮಟ್ಟದಲ್ಲೇ ಕೂರುತ್ತದೆ. ಪೈಪ್ ಗ್ಯಾಸ್‌ಗೆ ಹಳೇ ಸ್ಟವ್‌ನ ಜೆಟ್, ಅಂದರೆ ಅನಿಲ ಹೊರಬರುವ ಸಣ್ಣ ತೂತಿನ ಭಾಗ, ಬದಲಿಸಬೇಕು. ಇಲ್ಲದಿದ್ದರೆ ಉರಿ ಸಣ್ಣದಾಗಿ ದೋಸೆ ಕಾವಲಿ ಕಾಯೋದೇ ಇಲ್ಲ.

ಇನ್ನು ಬೆಲೆ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ಅನಿಲ) ಆಗಿ ವಿದೇಶದಿಂದ ಹಡಗಿನಲ್ಲಿ ಬರುತ್ತದೆ, ಅದು ದುಬಾರಿ. ಆದರೆ ದೇಶದೊಳಗಿನ ಹಳೇ ಬಾವಿಗಳ ಅಗ್ಗದ ಅನಿಲ ಹಂಚುವಾಗ ಮನೆಗಳಿಗೆ ಆದ್ಯತೆ. 2023ರ ಏಪ್ರಿಲ್‌ನಿಂದ ಅದರ ದರ ಕಚ್ಚಾ ತೈಲದ ಬೆಲೆಯ ಶೇ. 10, ಮೇಲೊಂದು ಮಿತಿಯೂ ಇದೆ. ಎಲ್‌ಪಿಜಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಆಮದೇ. ಉಜ್ವಲಾ ಸಬ್ಸಿಡಿ ಇರುವವರು ಮಾತ್ರ ಲೆಕ್ಕ ಹಾಕಿಯೇ ಬದಲಿಸಿ.

ಒಂದು ಕೊರತೆ ನನಗೆ ಹಿಡಿಸಲ್ಲ. ಸಿಲಿಂಡರಿಗೆ ಇಂಡೇನ್, ಭಾರತ್, ಎಚ್‌ಪಿ ಅಂತ ಆಯ್ಕೆಯಿದೆ. ಬೆಂಗಳೂರಿನ ಪೈಪಿಗೆ ಗೇಲ್ ಗ್ಯಾಸ್ ಒಂದೇ.