ಭತ್ತದ ಅಗಲ ಎಲೆ ಕಳೆಗೆ ಎಂಟು ಗ್ರಾಂ ಪುಡಿ: ಪೊಟ್ಟಣ ಹೇಳದ ಸಂಗತಿ

ನಾಟಿಯ ನಂತರ ಕಳೆ ಕೀಳಲು ಆಳು ಸಿಗದ ಶಿರಸಿ ಸೀಮೆಯ ಭತ್ತದ ಬೆಳೆಗಾರರಿಗೆ ಪರಿಕರದ ಅಂಗಡಿಯವರು ಕೊಡುವ ಕಳೆನಾಶಕಗಳಲ್ಲಿ ಮೆಟ್‌ಸಲ್ಫ್ಯೂರಾನ್ ಮೀಥೈಲ್ ಮತ್ತು ಕ್ಲೋರಿಮ್ಯೂರಾನ್ ಈಥೈಲ್ ತಲಾ ಶೇ. 10ರಷ್ಟಿರುವ ಪುಡಿಯೂ ಒಂದು. ಎಕರೆಗೆ 8 ಗ್ರಾಂ ಸಾಕು. ನಾಟಿಯಾದ 20–25 ದಿನಕ್ಕೆ ಗದ್ದೆಯ ನೀರು ಬಸಿದು, ಅಂಟು ದ್ರಾವಣ ಬೆರೆಸಿ ಸಿಂಪಡಿಸಿದರೆ ಅಗಲ ಎಲೆಯ ಕಳೆಗಳೂ ಜೇಕೂ ಬೆಳವಣಿಗೆ ನಿಲ್ಲಿಸಿ, ಎರಡು ಮೂರು ವಾರಗಳಲ್ಲಿ ಹಳದಿಯಾಗಿ ಸಾಯುತ್ತವೆ. ಮರುದಿನವೇ ಸುಟ್ಟು ಕರಕಲಾಗಬೇಕೆಂದು ಬಯಸುವವರಿಗೆ ಈ ನಿಧಾನ ಹಿಡಿಸದು. ನನಗೆ ಅದರಲ್ಲಿ ದೋಷ ಕಾಣಲಿಲ್ಲ.

ನನ್ನ ಆಕ್ಷೇಪ ಪೊಟ್ಟಣದ ಮೇಲಿನ ಬರಹದ ಬಗ್ಗೆ. ವಿಷದ ತೀವ್ರತೆ ಸೂಚಿಸುವ ಹಸಿರು ತ್ರಿಕೋನವಿದೆ, ಪ್ರಮಾಣವಿದೆ. ಆದರೆ ಔಷಧಿ ಸಸ್ಯದೊಳಗೆ ಯಾವ ಕಡೆ ಕೆಲಸ ಮಾಡುತ್ತದೆ, ಯಾವ ಗುಂಪಿಗೆ ಸೇರುತ್ತದೆ ಎಂಬುದು ನಾನು ಕೊಂಡ ಪೊಟ್ಟಣದಲ್ಲಿ ಇರಲಿಲ್ಲ. ಈ ಎರಡೂ ರಾಸಾಯನಿಕಗಳು ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲಗಳನ್ನು ತಯಾರಿಸುವ ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು ತಡೆಯುತ್ತವೆ. ಆ ಕಿಣ್ವದ 197ನೆಯ ಸ್ಥಾನದ ಪ್ರೋಲಿನ್ ಬದಲಾದ ಗಿಡವೊಂದು ಹೊಲದಲ್ಲಿದ್ದರೆ ಔಷಧಿ ಅಲ್ಲಿ ಕೂರಲಾರದು, ಕಿಣ್ವ ಮಾತ್ರ ತನ್ನ ಕೆಲಸ ಮುಂದುವರಿಸುತ್ತದೆ. ಉಳಿದ ಗಿಡಗಳು ಸತ್ತು ಅದೊಂದೇ ಬೀಜ ಉದುರಿಸುತ್ತದೆ.

ನಮ್ಮ ಘಟ್ಟದ ಮೇಲೆ ಗೋಧಿಯ ಕೃಷಿಯಿಲ್ಲದಿದ್ದರೂ ಈ ಕಥೆಯ ಪಾಠ ಗೋಧಿಯ ಹೊಲಗಳಲ್ಲೇ ಇದೆ. ಈ ಎರಡೂ ಸೇರುವ ಸಲ್ಫೊನಿಲ್‌ಯೂರಿಯಾ ಎಂಬ ಕುಟುಂಬದ ಕಳೆನಾಶಕಗಳನ್ನು ಗೋಧಿ ತಾನೇ ಒಡೆದು ನಿರ್ವಿಷಗೊಳಿಸುತ್ತದೆಂಬ ಅನುಕೂಲದಿಂದ ಅವು ಅಲ್ಲಿ ಬೇಗ ಹರಡಿದವು. ಅಮೆರಿಕದಲ್ಲಿ 1982ರಲ್ಲಿ ಮಾರುಕಟ್ಟೆಗೆ ಬಂದ, ಅದೇ ಕುಟುಂಬದ ಕ್ಲೋರ್‌ಸಲ್ಫ್ಯೂರಾನಿಗೆ 1987ರಲ್ಲೇ ಇಡಾಹೊದ ಗೋಧಿ ಹೊಲದ ಕಾಡು ಲೆಟ್ಯೂಸ್ ಬಗ್ಗಲಿಲ್ಲ. ಹರಿಯಾಣದ ಗೋಧಿಯಲ್ಲಿ ಜಂಗ್ಲಿ ಪಾಲಕ್ ಎಂಬ ಅಗಲ ಎಲೆಯ ಕಳೆ ಮೆಟ್‌ಸಲ್ಫ್ಯೂರಾನಿಗೆ ಪ್ರತಿರೋಧ ಬೆಳೆಸಿಕೊಂಡಿದೆ. ಅಲ್ಲೀಗ ಬೇರೆ ಗುಂಪಿನ ಕಳೆನಾಶಕಗಳಾದ 2,4-ಡಿ, ಕಾರ್ಫೆಂಟ್ರಜೋನ್‌ಗಳ ಮೊರೆ ಹೋಗಬೇಕಾಗಿದೆ.

ಹೀಗಿರುವಾಗ, ಬೇರೆ ಔಷಧಿ ಕೊಡಿ ಎಂದರೆ ಅಂಗಡಿಯಲ್ಲಿ ಸಿಗುವುದು ಬಿಸ್‌ಪೈರಿಬ್ಯಾಕ್ ಸೋಡಿಯಂ ಅಥವಾ ಪೈರಾಜೊಸಲ್ಫ್ಯೂರಾನ್. ಹೆಸರು, ಡಬ್ಬ, ಬೆಲೆ ಎಲ್ಲವೂ ಬೇರೆಯಾದರೂ ಎರಡೂ ತಡೆಯುವುದು ಅದೇ ಎಎಲ್‌ಎಸ್ ಕಿಣ್ವವನ್ನು. ಆದ್ದರಿಂದ ವರ್ಷ ಬಿಟ್ಟು ವರ್ಷ ಇವುಗಳನ್ನು ಅದಲುಬದಲು ಮಾಡಿದರೆ ಅದು ಬದಲಾವಣೆಯೇ ಅಲ್ಲ. ನಿಜವಾಗಿ ಗುಂಪು ಬದಲಿಸಬೇಕೆನ್ನುವವರು 2,4-ಡಿಯ ಸೋಡಿಯಂ ಲವಣವನ್ನು ಕೇಳಿ ಪಡೆಯಬೇಕು. ಎಸ್ಟರ್ ರೂಪದ್ದು ಬೇಡ, ಅದು ಆವಿಯಾಗಿ ಪಕ್ಕದ ಅಡಿಕೆ ತೋಟದ ಮೆಣಸಿನ ಬಳ್ಳಿಗೆ ತಾಗುತ್ತದೆ. ಯಾವುದನ್ನೇ ಹೊಡೆದರೂ ಬದುವಿನ ಒಂದೆಲಗವನ್ನು ಆ ವರ್ಷದ ತಂಬುಳಿಗೆ ಕೊಯ್ಯದಿರುವುದು ಲೇಸು.

ಎಂಟು ಗ್ರಾಂ ಪುಡಿಯ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ಪೊಟ್ಟಣದ ಮಾಹಿತಿಗೆ ಒಂದು. ಹುಲ್ಲಿನ ಜಾತಿಯ ಕಳೆಯೇ ತುಂಬಿದ ಗದ್ದೆಗೆ ಇದನ್ನು ಕೊಳ್ಳಬೇಡಿ, ಅದನ್ನು ಇದು ಮುಟ್ಟುವುದಿಲ್ಲ. ಭತ್ತದ ಹಿಂದೆ ಶೇಂಗಾ ಅಥವಾ ಕಲ್ಲಂಗಡಿ ಹಾಕುವ ಅಂಕೋಲಾ, ಕುಮಟಾದ ಕಡೆಯವರು ಹೇಳಿದ ಪ್ರಮಾಣವನ್ನು ಮೀರಬಾರದು, ಪಂಪನ್ನು ಚೆನ್ನಾಗಿ ತೊಳೆಯದೆ ತರಕಾರಿಗೆ ಬಳಸಲೂಬಾರದು. ಸಿಂಪಡಣೆಯ ನಂತರವೂ ಹಸಿರಾಗಿ ನಿಂತ ಗಿಡವನ್ನು ಹೂ ಬಿಡುವ ಮೊದಲೇ ಕೈಯಿಂದ ಕಿತ್ತು ಗದ್ದೆಯಿಂದ ಹೊರಗೆ ಹಾಕಬೇಕು.